ಸೇವಾ ಕ್ಲಬ್‌ಗೆ ಸೇರಿ ಅಂತ ಕರೀತಿದ್ದಾರೆ. ಮೋಟಾರ್ ರಿಪೇರಿ ಮಾಡುವವನಿಗೆ ಅಲ್ಲಿ ಜಾಗ ಇದೆಯಾ? (ಚಿಕ್ಕಮಗಳೂರು)

ಬೇಲೂರು_ರಸ್ತೆ_ವೈಂಡಿಂಗ್ · ಭಾನುವಾರ ರಾತ್ರಿ 10:20

ಎಲ್ಲರಿಗೂ ನಮಸ್ಕಾರ. ಚಿಕ್ಕಮಗಳೂರು ಬೇಲೂರು ರಸ್ತೆಯಲ್ಲಿ ನನ್ನದೊಂದು ಮೋಟಾರ್ ವೈಂಡಿಂಗ್ ಅಂಗಡಿ ಇದೆ, ಹದಿನಾರು ವರ್ಷ ಆಯ್ತು. ತೋಟದ ಪಂಪ್‌ಸೆಟ್, ಬೋರ್‌ವೆಲ್ ಮೋಟಾರ್, ಕಾಫಿ ಹಣ್ಣಿನ ಸಿಪ್ಪೆ ಬಿಡಿಸೋ ಪಲ್ಪರ್ ಮೋಟಾರ್ ಎಲ್ಲ ಬರುತ್ತೆ. ಕಾಫಿ ಹೂ ಅರಳೋಕೆ ಬೇಕಾದ ಹೂಮಳೆ ಕೈಕೊಟ್ಟು ತೋಟದವರು ಸ್ಪ್ರಿಂಕ್ಲರ್ ಓಡಿಸೋ ಫೆಬ್ರವರಿ, ಮಾರ್ಚ್‌ನಲ್ಲಿ ರಾತ್ರಿ ಹನ್ನೊಂದಾದರೂ ಶಟರ್ ಎಳೆಯೋಕಾಗಲ್ಲ.

ನಮ್ಮ ಹಳೇ ಗಿರಾಕಿ ಒಬ್ಬರು ಊರಿನ ಒಂದು ಸೇವಾ ಕ್ಲಬ್‌ನಲ್ಲಿದ್ದಾರೆ. ಮೊನ್ನೆ ಪಂಪ್ ತಗೊಂಡು ಹೋಗೋಕೆ ಬಂದವರು "ನೀವೂ ಮೆಂಬರ್ ಆಗಿ, ನಾನೇ ಹೆಸರು ಸೂಚಿಸ್ತೀನಿ" ಅಂದ್ರು. ವರ್ಷಕ್ಕೆ ಎಷ್ಟಾಗುತ್ತೆ ಅಂತ ಕೇಳಿದ್ದಕ್ಕೆ "ಅದೇನು ದೊಡ್ಡದಲ್ಲ ಬಿಡಿ" ಅಂತ ಹೇಳಿ ಹೊರಟರು. ಅವರಿಗೆ ದೊಡ್ಡದಲ್ಲದ್ದು ನನಗೆ ದೊಡ್ಡದೇ ಇರಬಹುದು. ಇಬ್ಬರು ಮಕ್ಕಳ ಫೀಸು, ಅಂಗಡಿ ಬಾಡಿಗೆ, ಇಬ್ಬರು ಹುಡುಗರ ಸಂಬಳ ನನ್ನ ತಲೆ ಮೇಲಿದೆ.

ಆದರೂ ಮನಸ್ಸಿದೆ. ಹದಿನೈದು ವರ್ಷದ ಹಿಂದೆ ನಮ್ಮಮ್ಮನ ಎಡಗಣ್ಣಿನ ಪೊರೆ ತೆಗೆಸಿದ್ದು ಇಂಥದೇ ಒಂದು ಕ್ಲಬ್‌ನವರ ಶಿಬಿರದಲ್ಲಿ. ಒಂದು ರೂಪಾಯಿ ತಗೊಳ್ಳಲಿಲ್ಲ. ಆವತ್ತು ನನಗೆ ಅಂಗಡಿ ಬಿಟ್ಟು ಹೋಗೋಕಾಗಿರಲಿಲ್ಲ. ಅಮ್ಮನ ಕೈ ಹಿಡಿದು ಬಸ್ಸು ಹತ್ತಿಸಿದವರು ಯಾರು ಅಂತ ಇವತ್ತಿಗೂ ಗೊತ್ತಿಲ್ಲ. ಅಮ್ಮ ಈಗಲೂ ಕನ್ನಡಕ ಹಾಕ್ಕೊಂಡು ಸೂಜಿಗೆ ದಾರ ತಾವೇ ಪೋಣಿಸ್ತಾರೆ.

ಒಳಗಿದ್ದು ನೋಡಿದವರು ಹೇಳಿ. ಡಾಕ್ಟರು, ವಕೀಲರು, ಪ್ಲಾಂಟರುಗಳ ನಡುವೆ ನನ್ನಂಥವನು ಕೂರಬಹುದಾ? ದುಡ್ಡಿನ ಬದಲು ಕೈಕೆಲಸ ಕೊಡ್ತೀನಿ ಅಂದ್ರೆ ನಡೆಯುತ್ತಾ?

ಮಾಜಿ_ಕಾರ್ಯದರ್ಶಿ · ಸೋಮವಾರ ಬೆಳಿಗ್ಗೆ 6:45

ವೈಂಡಿಂಗ್ ಅವರೇ, ನಾನು ಇಂಥ ಒಂದು ಕ್ಲಬ್‌ನಲ್ಲಿ ಎರಡು ವರ್ಷ ಕಾರ್ಯದರ್ಶಿ ಆಗಿದ್ದವನು. ನಿಮ್ಮ ಪ್ರಶ್ನೆಗೆ 1905ರಿಂದಲೇ ಉತ್ತರ ಕೊಡ್ತೀನಿ. ಆ ವರ್ಷ ಫೆಬ್ರವರಿ 23ರಂದು ಶಿಕಾಗೋದಲ್ಲಿ ರೋಟರಿ ಅನ್ನೋ ಸೇವಾ ಕ್ಲಬ್‌ನ ಮೊದಲ ಸಭೆ ಸೇರಿದಾಗ ಇದ್ದವರು ನಾಲ್ಕೇ ಜನ. ಪಾಲ್ ಹ್ಯಾರಿಸ್ ವಕೀಲರು, ಒಬ್ಬರು ಗಣಿ ಎಂಜಿನಿಯರ್, ಒಬ್ಬರು ಕಲ್ಲಿದ್ದಲು ವ್ಯಾಪಾರಿ, ಇನ್ನೊಬ್ಬರು ಬಟ್ಟೆ ಹೊಲಿಯುವ ಅಂಗಡಿಯವರು. ಸಭೆಯನ್ನು ಒಬ್ಬೊಬ್ಬರ ಕಚೇರಿಯಲ್ಲಿ ಸರದಿ ಪ್ರಕಾರ ಮಾಡ್ತಿದ್ದರು, ಹೆಸರು ಬಂದದ್ದೇ ಆ ಸರದಿಯಿಂದ. ಒಂದೊಂದು ಕಸುಬಿನಿಂದ ಒಬ್ಬೊಬ್ಬರು ಇರಬೇಕು ಅನ್ನೋದು ಮೊದಲಿನ ನಿಯಮ. ಈಗ ಅಷ್ಟು ಬಿಗಿ ಇಲ್ಲ, ಆದರೆ ಬೇರೆ ಬೇರೆ ಕಸುಬಿನವರು ಇರಲಿ ಅನ್ನೋ ಆಶಯ ಹಾಗೇ ಇದೆ. ದರ್ಜಿಗೆ ಮೊದಲ ದಿನವೇ ಜಾಗ ಇದ್ದ ಮೇಲೆ ಮೋಟಾರ್ ಮೆಕ್ಯಾನಿಕ್‌ಗೆ ಇಲ್ಲವಾ? ಇಂಥದೇ ಇನ್ನೊಂದು ಕ್ಲಬ್ ಲಯನ್ಸ್ ಶುರು ಮಾಡಿದ ಮೆಲ್ವಿನ್ ಜೋನ್ಸ್ ಕೂಡ ಇನ್ಶೂರೆನ್ಸ್ ವ್ಯವಹಾರದವರು, ಅದು 1917.

ಇನ್ನು ದುಡ್ಡಿನ ವಿಷಯ. ಸಂಕೋಚ ಬಿಟ್ಟು ಒಂದು ಹಾಳೆಯಲ್ಲಿ ಬರೆದುಕೊಡೋಕೆ ಕೇಳಿ. ನೀವು ಕಟ್ಟೋ ಚಂದಾದಲ್ಲಿ ಒಂದು ಪಾಲು ಅಂತಾರಾಷ್ಟ್ರೀಯ ಕಚೇರಿಗೆ ಹೋಗುತ್ತೆ, ಒಂದು ಪಾಲು ಜಿಲ್ಲೆಗೆ. ಈ ಜಿಲ್ಲೆ ನಮ್ಮ ಕಂದಾಯ ಜಿಲ್ಲೆ ಅಲ್ಲ, ಹಲವು ಊರಿನ ಕ್ಲಬ್‌ಗಳು ಸೇರಿದ ಅವರದೇ ವಿಭಾಗ. ಉಳಿದದ್ದು ಕ್ಲಬ್ಬಿನ ಖರ್ಚಿಗೆ. ಸಭೆಯ ಊಟದ ದುಡ್ಡು ಇದರಲ್ಲಿ ಸೇರಿದೆಯಾ, ಬೇರೆಯಾ ಅಂತ ಕೇಳಿ. ಆಮೇಲೆ ಪ್ರಾಜೆಕ್ಟ್ ಬಂದಾಗಲೆಲ್ಲ ಕೈಯಿಂದ ಹಾಕಬೇಕಾ, ಇಷ್ಟ ಇದ್ದಷ್ಟು ಸಾಕಾ ಅನ್ನೋದನ್ನು ಖಡಾಖಂಡಿತ ಕೇಳಿ. ಜನ ಕ್ಲಬ್ ಬಿಡೋದು ಬಹುಮಟ್ಟಿಗೆ ಚಂದಾ ಜಾಸ್ತಿ ಅಂತ ಅಲ್ಲ. ಗೊತ್ತಿಲ್ಲದ ಖರ್ಚು ಒಂದರ ಹಿಂದೆ ಒಂದು ಬಂತು ಅಂತ.

ಸೇರೋ ಮೊದಲು ಎರಡು ಮೂರು ಸಭೆಗೆ ಅತಿಥಿಯಾಗಿ ಹೋಗಿ. ಯಾವ ಒಳ್ಳೇ ಕ್ಲಬ್ಬೂ ಬೇಡ ಅನ್ನಲ್ಲ. ವಯಸ್ಸು ನಲವತ್ತರ ಒಳಗಿದ್ದರೆ ಜೇಸಿಸ್ ಕೂಡ ಇದೆ, ಅದು 18ರಿಂದ 40ರವರಿಗೆ.

ಡಿಗ್ರಿ_ಫೈನಲ್_ಇಯರ್ · ಸೋಮವಾರ 8:10

ಸರ್, ಸ್ಟೂಡೆಂಟ್ಸ್‌ಗೆ ಏನಾದ್ರೂ ಇದೆಯಾ? ಚಂದಾ ಎಲ್ಲ ನಮ್ಮ ಕೈಲಾಗಲ್ಲ.

ಮಾಜಿ_ಕಾರ್ಯದರ್ಶಿ · ಸೋಮವಾರ 8:30

ಇದೆಯಪ್ಪ. ರೋಟರಿಯಲ್ಲಿ ಹೈಸ್ಕೂಲು, ಪಿಯು ಮಕ್ಕಳಿಗೆ ಇಂಟರಾಕ್ಟ್, ನಿನ್ನ ವಯಸ್ಸಿನವರಿಗೆ ರೋಟರಾಕ್ಟ್. ಲಯನ್ಸ್‌ನಲ್ಲಿ ಲಿಯೋ. ಖರ್ಚು ತೀರಾ ಕಡಿಮೆ. ನಿಮ್ಮ ಕಾಲೇಜಿನಲ್ಲಿ ಘಟಕ ಇದೆಯಾ ವಿಚಾರಿಸು.

ಕಡೂರು_ಟೀಚರಮ್ಮ · ಸೋಮವಾರ ರಾತ್ರಿ 9:05

ನಾನು ಕಡೂರು ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡ್ತೀನಿ. ನಾನು ಕ್ಲಬ್ಬಿನವಳಲ್ಲ, ಅವರಿಂದ ಪಡೆದವಳು. ಆ ಕಡೆಯ ಮಾತೂ ಇಲ್ಲಿ ಬರಲಿ ಅಂತ ಬರೀತಿದ್ದೀನಿ.

ನಮ್ಮ ಕಡೆ ಬೋರ್ ನೀರು ಗಡಸು. ಬಿಸಿಯೂಟದ ಪಾತ್ರೆಯ ತಳದಲ್ಲಿ ಸುಣ್ಣ ಬಳಿದ ಹಾಗೆ ಬಿಳಿ ಕೂತಿರುತ್ತೆ. ಮೂರು ವರ್ಷದ ಕೆಳಗೆ ಒಂದು ಕ್ಲಬ್‌ನವರು ಬಂದು ನೀರಿನ ಗಡಸು ತೆಗೆಯೋ ಆರ್‌ಒ ಫಿಲ್ಟರ್ ಹಾಕಿಸಿಕೊಟ್ಟರು. ಮಕ್ಕಳು ಹಿಂದಿನ ದಿನವೇ ಅಂಗಳ ಗುಡಿಸಿ ರಂಗೋಲಿ ಹಾಕಿದ್ದರು. ಬಂದವರು ಹತ್ತು ಹನ್ನೆರಡು ಜನ, ಎಲ್ಲರೂ ಒಳ್ಳೆಯವರು. ಒಬ್ಬರು ಯಜಮಾನರು ಮೊದಲ ಲೋಟ ನೀರನ್ನು ಒಂದನೇ ಕ್ಲಾಸಿನ ಮಗುವಿಗೆ ತಮ್ಮ ಕೈಯಾರೆ ಕುಡಿಸಿದರು. ಅವರ ಮನಸ್ಸು ಶುದ್ಧ ಇತ್ತು ಅನ್ನೋದರಲ್ಲಿ ನನಗೆ ಅನುಮಾನವೇ ಇಲ್ಲ.

ಹದಿನಾಲ್ಕು ತಿಂಗಳಿಗೆ ನೀರು ಬರೋದು ಸಣ್ಣಗಾಯ್ತು, ಆಮೇಲೆ ನಿಂತೇಹೋಯ್ತು. ಕಾರ್ಡಿನಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. "ಮೇಡಂ, ನನ್ನ ಅವಧಿ ಜೂನ್‌ಗೆ ಮುಗೀತು, ಹೊಸ ಅಧ್ಯಕ್ಷರನ್ನು ಕೇಳಿ" ಅಂದ್ರು. ಹೊಸಬರನ್ನು ಕೇಳಿದರೆ "ಅದು ಹೋದ ವರ್ಷದ ಪ್ರಾಜೆಕ್ಟ್, ಈ ವರ್ಷ ನಾವು ಬೆಂಚು ಕೊಡ್ತಿದ್ದೀವಿ" ಅಂದ್ರು. ಇಬ್ಬರೂ ಬೈಯಲಿಲ್ಲ, ಮರ್ಯಾದೆಯಿಂದಲೇ ಮಾತಾಡಿದರು. ಆದರೆ ಫಿಲ್ಟರ್ ಇವತ್ತಿಗೂ ಹಾಗೇ ಇದೆ. ಅದರ ಮೇಲೆ ಉದ್ಘಾಟನೆ ದಿನ ಇಟ್ಟ ಕುಂಕುಮ ಇನ್ನೂ ಅಳಿಸಿಲ್ಲ. ಪಕ್ಕದಲ್ಲಿ ಕಪ್ಪು ಗ್ರಾನೈಟಿನ ಫಲಕ, ಅದರಲ್ಲಿ ಒಂಬತ್ತು ಹೆಸರು. ಮಕ್ಕಳು ಮನೆಯಿಂದ ಬಾಟಲಿಯಲ್ಲಿ ನೀರು ತರ್ತಾರೆ, ತಾರದವರು ನಲ್ಲಿಗೆ ಬಾಯಿ ಕೊಡ್ತಾರೆ.

ವೈಂಡಿಂಗ್ ಅವರೇ, ದುಡ್ಡಿನ ಬದಲು ಕೈಕೆಲಸ ನಡೆಯುತ್ತಾ ಅಂತ ಕೇಳಿದ್ದೀರಿ. ನಮ್ಮಂಥ ಶಾಲೆಗೆ ಬೇಕಾಗಿರೋದು ಅದೇ. ಕೊಟ್ಟು ಹೋದವರು ಬಹಳ ಜನ. ಮತ್ತೆ ಬಂದು ಹೇಗಿದೆ ಅಂತ ಕೇಳಿದವರು ಯಾರೂ ಇಲ್ಲ.

ಬೇಲೂರು_ರಸ್ತೆ_ವೈಂಡಿಂಗ್ · ಸೋಮವಾರ 9:40

ಮೇಡಂ, ಓದಿ ಸಂಕಟ ಆಯ್ತು. ಮೆಂಬರ್ ಆಗೋದು ಬಿಡೋದು ಆಮೇಲೆ. ಆ ಮಿಷನ್ನಿನ ಫೋಟೋ ಹಾಕ್ತೀರಾ? ಸ್ವಿಚ್ ಹಾಕಿದರೆ ಸಣ್ಣ ಸದ್ದಾದರೂ ಬರುತ್ತಾ, ಏನೂ ಇಲ್ಲವಾ? ನಿಮ್ಮಲ್ಲಿ ವೋಲ್ಟೇಜ್ ಹೇಗೆ?

ಕಡೂರು_ಟೀಚರಮ್ಮ · ಸೋಮವಾರ 9:52

ಸದ್ದೇ ಇಲ್ಲ ಸರ್. ವೋಲ್ಟೇಜ್ ಅಂತೂ ಹೇಳಬೇಡಿ. ಸುತ್ತಮುತ್ತ ಪಂಪ್‌ಸೆಟ್ ಶುರುವಾದ ಕೂಡಲೇ ನಮ್ಮ ಫ್ಯಾನ್ ನಿಧಾನ ಆಗುತ್ತೆ. ಒಬ್ಬರು ರಿಪೇರಿಯವರು ಬಂದು ನೋಡಿ "ಮೆಂಬ್ರೇನ್ ಹೋಗಿದೆ, ಪೂರ್ತಿ ಬದಲಿಸಬೇಕು" ಅಂತ ದೊಡ್ಡ ಮೊತ್ತ ಹೇಳಿದರು. ಮೆಂಬ್ರೇನ್ ಅಂದ್ರೆ ನೀರು ಸೋಸೋ ಒಳಗಿನ ಪೊರೆಯಂತೆ. ಶಾಲೆಯ ಅನುದಾನದಲ್ಲಿ ಅಷ್ಟು ತೆಗೆಯೋಕಾಗಲ್ಲ.

ನಾನೂ_ಇದ್ದೆ · ಮಂಗಳವಾರ ಮಧ್ಯಾಹ್ನ 1:30

ನಾನು ಆರು ವರ್ಷ ಒಂದು ಕ್ಲಬ್‌ನಲ್ಲಿದ್ದು ಬಿಟ್ಟವನು. ಯಾಕೆ ಬಿಟ್ಟೆ ಅಂತ ನೇರವಾಗಿ ಹೇಳ್ತೀನಿ. ಕೊನೆಯ ವರ್ಷ ನಮ್ಮ ಪದಗ್ರಹಣ ಸಮಾರಂಭಕ್ಕೆ ಆದ ಖರ್ಚು, ಆ ಇಡೀ ವರ್ಷ ನಾವು ಶಾಲೆಗಳಿಗೆ ಕೊಟ್ಟದ್ದಕ್ಕಿಂತ ಹೆಚ್ಚು. ಹಾಲ್ ಬಾಡಿಗೆ, ಊಟ, ಫ್ಲೆಕ್ಸು, ಬಂದವರಿಗೆಲ್ಲ ಶಾಲು, ಪೇಟ, ಹಣ್ಣಿನ ಬುಟ್ಟಿ, ನೆನಪಿನ ಕಾಣಿಕೆ. ಬೆಳಿಗ್ಗೆ ಎದ್ದು ನೋಡಿದರೆ ಸಭಾಂಗಣದ ಮೂಲೆಯಲ್ಲಿ ಹೂವಿನ ಬೊಕ್ಕೆ ರಾಶಿ ಬಿದ್ದಿತ್ತು. ಅದೇ ವಾರ ಒಬ್ಬ ಹುಡುಗನ ಡಯಾಲಿಸಿಸ್‌ಗೆ ಸಹಾಯ ಕೇಳಿ ಅರ್ಜಿ ಬಂದಾಗ "ನಿಧಿ ಇಲ್ಲ" ಅಂತ ಬರೆಯಬೇಕಾಯ್ತು. ಆ ಪತ್ರಕ್ಕೆ ಸಹಿ ಹಾಕಿದವನು ನಾನೇ. ಆಮೇಲೆ ಹೋಗೋಕೆ ಮನಸ್ಸಾಗಲಿಲ್ಲ.

ಅಲ್ಲಿ ಕಲಿತದ್ದು ಬಹಳ, ಸ್ನೇಹಿತರೂ ಸಿಕ್ಕರು, ಅದನ್ನು ಅಲ್ಲಗಳೆಯಲ್ಲ. ಆದರೆ ಸೇರುವವರು ಹೋದ ವರ್ಷದ ಲೆಕ್ಕ ನೋಡಿಯೇ ಸೇರಲಿ.

ಮಾಜಿ_ಕಾರ್ಯದರ್ಶಿ · ಮಂಗಳವಾರ ಸಂಜೆ 5:15

ನಿಮ್ಮ ನೋವು ಅರ್ಥ ಆಗುತ್ತೆ. ನಾನೂ ಆ ಖರ್ಚಿನ ವಿರುದ್ಧ ಸಭೆಯಲ್ಲಿ ಜಗಳ ಆಡಿದ್ದೀನಿ.

ಒಂದು ವಿಷಯ ಮಾತ್ರ ಬಿಡಿಸಿ ಹೇಳ್ತೀನಿ, ಸೇರುವವರಿಗೆ ಗೊತ್ತಿರಬೇಕು. ಸರಿಯಾಗಿ ನಡೆಯೋ ಕ್ಲಬ್‌ನಲ್ಲಿ ಎರಡು ಲೆಕ್ಕ ಬೇರೆ ಬೇರೆ ಇರುತ್ತೆ. ಒಂದು ಆಡಳಿತದ್ದು: ಸದಸ್ಯರ ಚಂದಾ, ಊಟ, ಅಂಚೆ, ಹಾಲ್ ಬಾಡಿಗೆ. ಇನ್ನೊಂದು ಸೇವೆಯದ್ದು: ಸಾರ್ವಜನಿಕರಿಂದ ಎತ್ತಿದ ಹಣ, ದಾನ ಬಂದದ್ದು. ಲಯನ್ಸ್‌ನಲ್ಲಂತೂ ಇದು ಕಟ್ಟುನಿಟ್ಟು, ಜನರಿಂದ ಎತ್ತಿದ ದುಡ್ಡು ಜನರಿಗೇ ಹೋಗಬೇಕು, ಅದರಲ್ಲಿ ಕ್ಲಬ್ಬಿನವರು ಊಟ ಮಾಡುವಂತಿಲ್ಲ. ಪದಗ್ರಹಣಕ್ಕೆ ಸದಸ್ಯರು ತಮ್ಮ ಜೇಬಿನಿಂದ ಹಾಕಿದ್ದರೆ ಅದು ನಿಯಮ ಮೀರಿದ ಹಾಗಲ್ಲ. ಆದರೆ ನಿಯಮ ಮೀರದೇ ಇದ್ದ ಮಾತ್ರಕ್ಕೆ ಸರಿ ಅಂತಲೂ ನಾನು ಹೇಳಲ್ಲ.

ಟೀಚರ್ ಹೇಳಿದ್ದು ಇದಕ್ಕಿಂತ ದೊಡ್ಡ ರೋಗ. ನಮ್ಮ ವರ್ಷ ಜುಲೈ 1ಕ್ಕೆ ಶುರು, ಜೂನ್ 30ಕ್ಕೆ ಮುಗೀತು. ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ ಎಲ್ಲ ಬದಲು. ಅಧಿಕಾರ ಒಬ್ಬರ ಕೈಲೇ ಉಳೀದಿರಲಿ ಅಂತ ಮಾಡಿದ ಒಳ್ಳೆಯ ಪದ್ಧತಿ ಅದು. ಹೊಸಬರಿಗೆ ತಮ್ಮ ವರ್ಷದಲ್ಲಿ ಏನಾದರೂ ಹೊಸದು ಮಾಡಬೇಕು ಅನ್ನೋ ಹುಮ್ಮಸ್ಸು. ಹಳೆಯದನ್ನು ರಿಪೇರಿ ಮಾಡಿಸಿದರೆ ವರದಿಯಲ್ಲಿ ಬರೆಯೋಕೆ ಒಂದು ಸಾಲೂ ಸಿಗಲ್ಲ. ನನ್ನ ಎರಡು ವರ್ಷದಲ್ಲಿ ನಾನೂ ಒಂದೇ ಒಂದು ಹಳೇ ಜಾಗಕ್ಕೆ ಹೋಗಿ ನೋಡಲಿಲ್ಲ. ಮೇಡಂ ಬರೆದದ್ದು ಓದಿದ ಮೇಲೆ ನಿನ್ನೆ ರಾತ್ರಿ ಅದೇ ಯೋಚನೆ.

ತೋಟದ_ರೈಟರ್ · ಬುಧವಾರ ರಾತ್ರಿ 8:50

ಮೂಡಿಗೆರೆ ಕಡೆ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್, ಅಂದ್ರೆ ಲೆಕ್ಕ ಬರೆಯೋ ಗುಮಾಸ್ತ ಆಗಿದ್ದೀನಿ. ಲೈನಿನಲ್ಲಿ, ಅಂದ್ರೆ ಎಸ್ಟೇಟಿನ ಸಾಲುಮನೆಗಳಲ್ಲಿ ಇರೋ ಆಳುಗಳನ್ನು ಕಣ್ಣಿನ ಶಿಬಿರಕ್ಕೆ ಕಳಿಸೋದು, ಕರ್ಕೊಂಡು ಬರೋದು ಎಲ್ಲ ನನ್ನ ಪಾಲಿಗೇ ಬರುತ್ತೆ. ಕ್ಲಬ್ಬಿನವರು ಯಾರಾದರೂ ಓದ್ತಿದ್ದರೆ ದಯವಿಟ್ಟು ಇದನ್ನು ಗಮನಿಸಿ ಮಾರಾಯ್ರೆ.

ನಿಮ್ಮ ವರ್ಷ ಜುಲೈಗೆ ಶುರು ಆಗುತ್ತೆ ಅಂತ ಶಿಬಿರವನ್ನೂ ಜುಲೈಗೇ ಇಡ್ತೀರಿ. ಜುಲೈ ಅಂದ್ರೆ ಕೊಟ್ಟಿಗೆಹಾರ, ಕಳಸ ಕಡೆ ಮಳೆ ಹೇಗೆ ಹೊಡೀತದೆ ಅಂತ ಪೇಟೆಯವರಿಗೆ ಹೇಳಿದರೆ ತಿಳಿಯಲ್ಲ. ಮರ ಬಿದ್ದು ರಸ್ತೆ ಬಂದ್, ಕರೆಂಟ್ ಇಲ್ಲ, ಎಪ್ಪತ್ತು ವರ್ಷದ ಅಜ್ಜಿ ಕಂಬಳಿ ಕೊಪ್ಪೆ ಹಾಕ್ಕೊಂಡು ಎರಡು ಮೈಲಿ ನಡೆದು ಬಸ್ಸಿಗೆ ಬರಬೇಕು. ಮಳೆ ಬಿಡಲಿ ಅಂತ ಮುಂದೆ ಹಾಕಿದರೆ ಡಿಸೆಂಬರ್, ಜನವರಿಗೆ ಬರ್ತೀರಿ. ಆಗ ಕಾಫಿ ಕುಯ್ಲು. ಮೊದಲು ಅರೇಬಿಕಾ, ಅದರ ಹಿಂದೆಯೇ ರೊಬಸ್ಟಾ. ವರ್ಷದ ನಾಲ್ಕು ಕಾಸು ಕಾಣೋ ದಿನಗಳು ಅವು, ಕೆ.ಜಿ. ಲೆಕ್ಕದಲ್ಲಿ ಹಣ್ಣು ಕುಯ್ಯೋ ಹೆಂಗಸು ಒಂದು ದಿನವೂ ಬಿಡಲ್ಲ. ಆಪರೇಷನ್ ಆದ ಮೇಲೆ ಧೂಳು, ಹೊಗೆ, ಭಾರ ಎತ್ತೋದು ಬೇಡ ಅಂತಾರೆ, ಅಂದ್ರೆ ಆ ಸೀಸನ್ನೇ ಹೋಯ್ತು. ಅದಕ್ಕೇ ಹೆಸರು ಬರೆಸಿದವರು ಬರಲ್ಲ. ನೀವು "ಜನರಿಗೆ ಕಾಳಜಿ ಇಲ್ಲ" ಅಂತ ಬೇಜಾರು ಮಾಡ್ಕೊತೀರಿ.

ಮಳೆ ಇಳಿದ ಮೇಲೆ, ಕುಯ್ಲು ಹಿಡಿಯೋ ಮೊದಲು, ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ತನಕ ಇಟ್ಟು ನೋಡಿ. ಇಲ್ಲದಿದ್ದರೆ ಯುಗಾದಿ ಕಳೆದ ಮೇಲೆ. ಬಸ್ಸು ತುಂಬುತ್ತೆ.

ಇನ್ನೊಂದು ನೆನಪು. ಒಂದು ಸಲ ನಮ್ಮ ಲೈನಿನ ಅಜ್ಜಿ ಆಪರೇಷನ್ ಮಾಡಿಸ್ಕೊಂಡು ಬಂದರು. ಎರಡು ಹನಿ ಔಷಧ, ಎರಡೂ ಬಿಳೀ ಪ್ಲಾಸ್ಟಿಕ್ ಬಾಟಲಿ, ಚೀಟಿ ಇಂಗ್ಲಿಷಿನಲ್ಲಿ. ಅಜ್ಜಿ ಎರಡನ್ನೂ ಸೆರಗಿನ ತುದಿಗೆ ಗಂಟು ಹಾಕಿಟ್ಟಿದ್ದರು, ಯಾವುದು ಎಷ್ಟು ಸಲ ಗೊತ್ತಿಲ್ಲ. ಹನಿ ಹಾಕೋದು ನಾಲ್ಕರಿಂದ ಆರು ವಾರ, ತಪ್ಪಿದರೆ ಕಣ್ಣಿಗೇ ಸಂಚಕಾರ. ಎರಡು ದಿನ ಬಿಟ್ಟು ಶಿಬಿರದ ಕಡೆಯಿಂದ ಒಬ್ಬರು ಹೆಂಗಸು ಬಂದರು, ಯಾವ ಕ್ಲಬ್ಬೋ ಕೇಳಲಿಲ್ಲ. ಅಜ್ಜಿ ಪಕ್ಕ ಕೂತು ಒಂದು ಬಾಟಲಿಗೆ ಕೆಂಪು ದಾರ ಸುತ್ತಿದರು, ಇನ್ನೊಂದಕ್ಕೆ ಬಿಳೀ ದಾರ. ಕೆಂಪು ನಾಲ್ಕು ಸಲ, ಬಿಳೀ ಎರಡು ಸಲ. ಅಜ್ಜಿ ಬಾಯಲ್ಲಿ ಮೂರು ಸಲ ಹೇಳಿಸಿ ಎದ್ದರು. ಕ್ಲಬ್ಬಿನಿಂದ ನಾನು ಕಂಡ ದೊಡ್ಡ ಸೇವೆ ಅಂದ್ರೆ ಅದು. ಎರಡು ಮೊಳ ದಾರ.

ಲ್ಯಾಬ್_ಅಕ್ಕ · ಗುರುವಾರ ರಾತ್ರಿ 10:30

ರೈಟರ್ ಅಣ್ಣ ಬರೆದದ್ದು ಓದಿ ಕಣ್ಣು ಒದ್ದೆ ಆಯ್ತು. ನಾನು ರಕ್ತನಿಧಿಯಲ್ಲಿ ಟೆಕ್ನಿಷಿಯನ್, ನಾಲ್ಕು ವರ್ಷದಿಂದ ಕ್ಲಬ್ ಮೆಂಬರ್ ಕೂಡ.

ಹೆಂಗಸರ ವಿಷಯ ಯಾರೂ ಎತ್ತಲಿಲ್ಲ, ನಾನೇ ಹೇಳ್ತೀನಿ. ನನ್ನನ್ನು ಮೊದಲು ಕರೆದಾಗ "ನಿಮ್ಮ ಯಜಮಾನರನ್ನು ಸೇರಿಸಿ, ನೀವು ಇನ್ನರ್ ವೀಲ್‌ಗೆ ಬನ್ನಿ" ಅಂದಿದ್ದರು. ಇನ್ನರ್ ವೀಲ್ ಅಂದ್ರೆ ರೋಟರಿಯವರ ಮನೆಯ ಹೆಂಗಸರಿಗೆ ಅಂತ ಶುರುವಾದ ಸಂಘ, ಅದರ ಮೇಲೆ ನನಗೆ ಗೌರವ ಇದೆ. 1924ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಮಾರ್ಗರೆಟ್ ಗೋಲ್ಡಿಂಗ್ ಅನ್ನೋ ನರ್ಸ್ ಅದನ್ನು ಕಟ್ಟಿದರು. ಈಗ ಅದಕ್ಕೆ ಸೇರೋಕೆ ಗಂಡ ರೋಟರಿಯಲ್ಲಿ ಇರಲೇಬೇಕು ಅಂತಲೂ ಇಲ್ಲ. ಆದರೆ ನನಗೆ ನನ್ನ ಕೆಲಸದ ಮೇಲೆ ಸದಸ್ಯತ್ವ ಬೇಕಿತ್ತು. ಅಮೆರಿಕದ ಸುಪ್ರೀಂ ಕೋರ್ಟು 1987ರಲ್ಲಿ ಹೆಂಗಸರನ್ನು ಹೊರಗಿಡುವಂತಿಲ್ಲ ಅಂದಿತು, 1989ರಲ್ಲಿ ರೋಟರಿ ಪ್ರಪಂಚದಾದ್ಯಂತ ಬಾಗಿಲು ತೆಗೆಯಿತು. 2022ರಲ್ಲಿ ಜೆನಿಫರ್ ಜೋನ್ಸ್ ಅಂತಾರಾಷ್ಟ್ರೀಯ ಅಧ್ಯಕ್ಷೆಯೇ ಆದರು. ಇಷ್ಟಾದರೂ ನಮ್ಮಲ್ಲಿ ಸಭೆ ರಾತ್ರಿ ಎಂಟಕ್ಕೆ ಶುರು, ಊಟ ಹತ್ತಕ್ಕೆ. ಮನೆಯಲ್ಲಿ ಮಕ್ಕಳಿರೋ ಹೆಂಗಸು ಬರೋದು ಹೇಗೆ? ನಾವು ಮೂರು ಜನ ಕೂತು ಕೇಳಿದ ಮೇಲೆ ತಿಂಗಳಿಗೆ ಎರಡು ಸಭೆ ಭಾನುವಾರ ಬೆಳಿಗ್ಗೆ ಮಾಡಿದರು. ಅದಾದ ಒಂದೇ ವರ್ಷಕ್ಕೆ ಐದು ಹೆಂಗಸರು ಸೇರಿದರು.

ಇನ್ನು ರಕ್ತದಾನ. ದೊಡ್ಡ ದಿನಗಳಲ್ಲಿ ಊರಿನ ಎಲ್ಲ ಸಂಘಗಳೂ ಒಟ್ಟಿಗೇ ಶಿಬಿರ ಇಡ್ತವೆ. ಒಂದೇ ದಿನ ಫ್ರಿಜ್ ತುಂಬಿ ಹೋಗುತ್ತೆ. ಕೆಂಪು ಕಣ ಇಡಬಹುದಾದದ್ದು 35ರಿಂದ 42 ದಿನ, ಪ್ಲೇಟ್‌ಲೆಟ್ ಐದೇ ದಿನ. ಏಪ್ರಿಲ್, ಮೇನಲ್ಲಿ ಕಾಲೇಜಿಗೆ ರಜಾ ಬಿದ್ದ ಕೂಡಲೇ ನಮ್ಮ ಶೆಲ್ಫ್ ಖಾಲಿ. ಮಳೆಗಾಲ ಹಿಡಿದು ಡೆಂಗಿ ಜಾಸ್ತಿ ಆದಾಗ ಪ್ಲೇಟ್‌ಲೆಟ್‌ಗೆ ಜನ ಓಡಾಡ್ತಾರೆ. ಒಬ್ಬ ಗಂಡಸು 90 ದಿನಕ್ಕೊಮ್ಮೆ, ಹೆಂಗಸು 120 ದಿನಕ್ಕೊಮ್ಮೆ ಕೊಡಬಹುದು. ಇವತ್ತು ಇನ್ನೂರು ಜನರ ಕೈಗೆ ಸೂಜಿ ಚುಚ್ಚಿಸಿಬಿಟ್ಟರೆ ಮುಂದಿನ ಮೂರು ತಿಂಗಳು ಅವರಲ್ಲಿ ಯಾರನ್ನೂ ಕರೆಯೋ ಹಾಗಿಲ್ಲ.

ಅದಕ್ಕೇ ನಮ್ಮ ಕ್ಲಬ್‌ನಲ್ಲಿ ಶಿಬಿರದ ಸಂಖ್ಯೆ ಕಡಿಮೆ ಮಾಡಿ ಒಂದು ಪಟ್ಟಿ ಮಾಡಿದ್ವಿ. ಗುಂಪು, ಕೊನೆಯ ಸಲ ಕೊಟ್ಟ ತಾರೀಖು, ಯಾವ ಬಡಾವಣೆ. ಹೋದ ತಿಂಗಳು ರಾತ್ರಿ ಒಂದು ಗಂಟೆಗೆ ಹೆರಿಗೆ ಕೇಸಿಗೆ ಓ ನೆಗೆಟಿವ್ ಬೇಕಾಯ್ತು. ಪಟ್ಟಿಯಲ್ಲಿ ನಾಲ್ಕನೇ ಹೆಸರಿನವರು ಉಪ್ಪಳ್ಳಿಯಿಂದ ಬೈಕಿನಲ್ಲಿ ಇಪ್ಪತ್ತು ನಿಮಿಷಕ್ಕೆ ಬಂದರು. ಸ್ವೆಟರ್ ತೋಳು ಮೇಲೆ ಮಾಡುವಾಗ ಅವರ ಕೈ ಚಳಿಗೆ ನಡುಗ್ತಿತ್ತು. ಬಾಣಂತಿ, ಮಗು ಇಬ್ಬರೂ ಕ್ಷೇಮ.

18 ತುಂಬಿ, ತೂಕ 45 ಕೆ.ಜಿ. ಮೇಲಿದ್ದು, ಹಿಮೋಗ್ಲೋಬಿನ್ 12.5 ಇದ್ದರೆ ನೀವೂ ಕೊಡಬಹುದು. ಡಿಗ್ರಿ ಫೈನಲ್ ಇಯರ್ ತಮ್ಮಾ, ನಿನ್ನ ಪ್ರಶ್ನೆಗೆ ಇದೂ ಒಂದು ಉತ್ತರ. ಇದಕ್ಕೆ ಚಂದಾ ಇಲ್ಲ.

ಡಿಗ್ರಿ_ಫೈನಲ್_ಇಯರ್ · ಗುರುವಾರ 10:41

ಅಕ್ಕಾ, ನಂದು ಬಿ ಪಾಸಿಟಿವ್. ಹೆಸರು ಬರ್ಕೊಳ್ಳಿ. ಹಾಸ್ಟೆಲ್‌ನಲ್ಲಿ ಇನ್ನೂ ಕೇಳ್ತೀನಿ.

ನಿವೃತ್ತ_ಆರೋಗ್ಯ_ಸಹಾಯಕ · ಶುಕ್ರವಾರ ಬೆಳಿಗ್ಗೆ 7:20

ನನಗೆ ಈಗ ಅರವತ್ತೆಂಟು. ಇಷ್ಟು ಹೊತ್ತು ಓದ್ತಾ ಇದ್ದೆ. ಬಿಟ್ಟು ಹೋಗದೆ ಹಿಡಿದ ಕೆಲಸ ಅಂದ ಕೂಡಲೇ ನನಗೆ ಪೋಲಿಯೊ ನೆನಪಾಗುತ್ತೆ.

ರೋಟರಿ ಅದನ್ನು ಕೈಗೆತ್ತಿಕೊಂಡದ್ದು 1985ರಲ್ಲಿ. ನಮ್ಮ ದೇಶದಲ್ಲಿ ಪಲ್ಸ್ ಪೋಲಿಯೊ ಶುರುವಾದದ್ದು 1995ರಲ್ಲಿ. ಕೊನೆಯ ಕೇಸು ಪಶ್ಚಿಮ ಬಂಗಾಳದ ಹೌರಾದಲ್ಲಿ ಸಿಕ್ಕಿದ್ದು 2011ರ ಜನವರಿ 13. ಪೋಲಿಯೊ ಮುಕ್ತ ಅಂತ ವಿಶ್ವ ಆರೋಗ್ಯ ಸಂಸ್ಥೆ ಪ್ರಮಾಣಪತ್ರ ಕೊಟ್ಟದ್ದು 2014ರ ಮಾರ್ಚ್ 27. ಲೆಕ್ಕ ಹಾಕಿ, 1985ರಿಂದ ಎಷ್ಟು ಜನ ಅಧ್ಯಕ್ಷರು ಬದಲಾದರು. ಹಾಗಾಗಿ ಅಧ್ಯಕ್ಷರು ಬದಲಾದರೆ ಕೆಲಸ ನಿಲ್ಲಲೇಬೇಕು ಅನ್ನೋದನ್ನು ನಾನು ಒಪ್ಪಲ್ಲ.

ಲಸಿಕೆ ಸರ್ಕಾರದ್ದು, ಕೆಲಸ ಇಲಾಖೆಯದ್ದು. ಆದರೆ ಭಾನುವಾರ ಬೆಳಿಗ್ಗೆ ಬಸ್ ಸ್ಟ್ಯಾಂಡಿನ ಬೂತಿನಲ್ಲಿ ನಮ್ಮ ಜೊತೆ ಕ್ಲಬ್ಬಿನವರು ನಿಲ್ತಿದ್ದರು. ವ್ಯಾಕ್ಸಿನ್ ಕ್ಯಾರಿಯರ್‌ನಲ್ಲಿ ನಾಲ್ಕು ಐಸ್ ಪ್ಯಾಕ್, ನಡುವೆ ಬಾಟಲಿ. ಬಾಟಲಿಯ ಮೇಲೆ ಒಂದು ವೃತ್ತ, ಅದರೊಳಗೆ ಒಂದು ಚೌಕ. ಒಳಗಿನ ಚೌಕ ಬೆಳ್ಳಗಿದ್ದರೆ ಲಸಿಕೆ ಚೆನ್ನಾಗಿದೆ. ಬಿಸಿ ತಗುಲಿ ಚೌಕ ಕಪ್ಪಾಗ್ತಾ ಬಂದು ವೃತ್ತದ ಬಣ್ಣಕ್ಕೆ ಸಮ ಆದರೆ ಬಿಸಾಡಬೇಕು. ಒಬ್ಬ ಬಟ್ಟೆ ಅಂಗಡಿ ಮಾಲೀಕರು ಪ್ರತಿ ಬಾಟಲಿ ತೆಗೆಯುವಾಗಲೂ ಕನ್ನಡಕ ಮೇಲೆತ್ತಿ ಆ ಚೌಕ ನೋಡಿಯೇ ನನ್ನ ಕೈಗೆ ಕೊಡ್ತಿದ್ದರು. ಹನ್ನೊಂದು ವರ್ಷ ನನ್ನ ಬೂತಿಗೆ ಅವರೇ ಬಂದರು. ನಡುವೆ ಒಂದು ವರ್ಷ ಅಧ್ಯಕ್ಷರೂ ಆಗಿದ್ದರು, ಆ ವರ್ಷವೂ ಬಂದು ಮಕ್ಕಳ ಎಡಗೈ ಕಿರುಬೆರಳಿಗೆ ಗುರುತು ಹಾಕ್ತಾ ಕೂತರು.

ಬೇಲೂರು_ರಸ್ತೆ_ವೈಂಡಿಂಗ್ · ಎರಡು ವಾರದ ನಂತರ, ಭಾನುವಾರ ರಾತ್ರಿ 9:15

ಎಲ್ಲರಿಗೂ ಮತ್ತೆ ನಮಸ್ಕಾರ. ಎರಡು ಕಡೆ ಹೋಗಿ ಬಂದೆ, ಎರಡನ್ನೂ ಹೇಳ್ತೀನಿ.

ಮೊದಲು ಕ್ಲಬ್ ಸಭೆ. ಅತಿಥಿಯಾಗಿ ಕೂತಿದ್ದೆ. ಗಂಟೆ ಹೊಡೆದರು, ರಾಷ್ಟ್ರಗೀತೆ ಆಯ್ತು. ಆಮೇಲೆ ಎಲ್ಲರೂ ಎದ್ದು ನಾಲ್ಕು ಪ್ರಶ್ನೆ ಹೇಳಿದರು. ಹರ್ಬರ್ಟ್ ಟೇಲರ್ ಅನ್ನೋ ವ್ಯಾಪಾರಿ 1932ರಲ್ಲಿ ಮುಳುಗ್ತಿದ್ದ ತನ್ನ ಪಾತ್ರೆ ಕಂಪನಿಗೆ ಬರೆದ ಪ್ರಶ್ನೆಗಳಂತೆ. ಹೇಳೋದು, ಮಾಡೋದು ಸತ್ಯವಾ, ಎಲ್ಲರಿಗೂ ನ್ಯಾಯವಾ ಅಂತ ಶುರು ಆಗುತ್ತೆ. ನನಗೆ ಹಿಡಿಸಿತು. ಅಂಗಡಿಯಲ್ಲಿ ಗೋಡೆಗೆ ಬರೆಸಬಹುದು ಅನ್ನಿಸಿತು.

ಮಾತಾಡೋಕೆ ಅವಕಾಶ ಕೊಟ್ಟಾಗ ಟೀಚರ್ ಬರೆದದ್ದನ್ನು ಮೊಬೈಲ್ ನೋಡಿ ಓದಿದೆ. ಹೆಸರು, ಊರು ಹೇಳಲಿಲ್ಲ. ಸಭೆ ಸ್ವಲ್ಪ ಹೊತ್ತು ಸುಮ್ಮನಾಯ್ತು. "ನಾವು ಹೋದ ಹತ್ತು ವರ್ಷದಲ್ಲಿ ಎಲ್ಲೆಲ್ಲಿ ಏನೇನು ಕೊಟ್ಟಿದ್ದೀವಿ ಅನ್ನೋ ಪಟ್ಟಿ ಇದೆಯಾ?" ಅಂತ ಒಬ್ಬರು ಹಿರಿಯರು ಕೇಳಿದರು. ಇರಲಿಲ್ಲ. ಅಲ್ಲೇ ಹಳೇ ಅಧ್ಯಕ್ಷರು ನೆನಪು ಮಾಡಿ ಮಾಡಿ ಹೇಳಿದ್ದನ್ನು ಒಬ್ಬರು ಬರೆದರು. ನೀರಿನ ಫಿಲ್ಟರ್ ಕೊಟ್ಟ ಜಾಗವೇ ಹನ್ನೊಂದು. ಒಂದೊಂದು ಜಾಗಕ್ಕೂ ಇಬ್ಬಿಬ್ಬರು, ಅಧ್ಯಕ್ಷರು ಯಾರೇ ಆಗಲಿ ಆ ಇಬ್ಬರು ಬದಲಾಗಬಾರದು ಅಂತ ತೀರ್ಮಾನ ಆಯ್ತು. ಚಂದಾದ ವಿವರ ಬರೆದುಕೊಟ್ಟರು, ಎರಡು ಕಂತಿನಲ್ಲಿ ಕಟ್ಟಬಹುದು ಅಂದ್ರು. ಹೋದ ವರ್ಷದ ಲೆಕ್ಕ ಕೇಳಿದ್ದಕ್ಕೆ ಖಜಾಂಚಿ ಬೇಸರ ಮಾಡ್ಕೊಳ್ಳದೆ ತೋರಿಸಿದರು.

ಎರಡನೆಯದು, ನಿನ್ನೆ ಶನಿವಾರ ಅಂಗಡಿ ಹುಡುಗನ್ನ ಕರ್ಕೊಂಡು ಟೀಚರ್ ಶಾಲೆಗೆ ಹೋಗಿದ್ದೆ. ಮೆಂಬ್ರೇನ್ ಹೋಗಿರಲಿಲ್ಲ. ಪಂಪಿಗೆ ಕರೆಂಟ್ ಕೊಡೋ ಅಡಾಪ್ಟರ್ ವೋಲ್ಟೇಜ್ ಏರುಪೇರಿಗೆ ಸುಟ್ಟಿತ್ತು. ಮೊದಲ ಹಂತದ ಸ್ಪನ್ ಕ್ಯಾಂಡಲ್, ಅಂದ್ರೆ ಕೆಸರು ತಡೆಯೋ ಕೊಳವೆಯಂಥ ಫಿಲ್ಟರ್, ತೆಗೆದರೆ ಇಟ್ಟಿಗೆ ಬಣ್ಣ, ಹಿಂಡಿದರೆ ಕೆಸರು. ಬೆಳ್ಳಗಿರಬೇಕಾದದ್ದು. ಮೂರು ವರ್ಷದಿಂದ ಅದನ್ನು ಒಂದು ಸಲವೂ ಬದಲಿಸಿಲ್ಲ, ಬದಲಿಸಬೇಕು ಅಂತ ಯಾರೂ ಅವರಿಗೆ ಹೇಳಿಯೂ ಇಲ್ಲ. ಅಡಾಪ್ಟರ್, ಕ್ಯಾಂಡಲ್, ಕಾರ್ಬನ್ ಫಿಲ್ಟರ್, ಒಂದು ಸಣ್ಣ ಸ್ಟೆಬಿಲೈಸರ್ ಹಾಕಿದೆ. ಹೊಸ ಮೆಂಬ್ರೇನ್‌ಗೆ ಅವರಿಗೆ ಹೇಳಿದ್ದ ಮೊತ್ತದ ಕಾಲು ಭಾಗವೂ ಆಗಲಿಲ್ಲ. ಬೋರ್ ನೀರಿನ ಟಿಡಿಎಸ್, ಅಂದ್ರೆ ನೀರಲ್ಲಿ ಕರಗಿದ ಲವಣದ ಅಳತೆ, 1,140 ಇತ್ತು, ಫಿಲ್ಟರ್ ಆಗಿ ಬಂದದ್ದು 85.

ಕ್ಲಬ್ಬಿನವರಿಗೆ ಒಂದು ಮಾತು. ಕೊಡೋ ಮೊದಲು ನೀರು ಪರೀಕ್ಷೆ ಮಾಡಿಸಿ. ಟಿಡಿಎಸ್ 500ರ ಒಳಗಿದ್ದರೆ, ಫ್ಲೋರೈಡ್ ಇಲ್ಲದಿದ್ದರೆ ಆರ್‌ಒ ಬೇಕಾಗಿಲ್ಲ. ಕೊಪ್ಪ, ಶೃಂಗೇರಿ ಕಡೆ ನೀರು ಮೆದು, ಅಲ್ಲಿ ಕ್ರಿಮಿ ಸಾಯಿಸೋ ಯುವಿ ಸಾಕು, ಕುದಿಸಿದರೂ ಆಯ್ತು. ಆರ್‌ಒ ಒಂದು ಲೀಟರ್ ಕೊಡೋಕೆ ಎರಡು ಮೂರು ಲೀಟರ್ ಹೊರಗೆ ಬಿಡುತ್ತೆ. ಟೀಚರ್ ಶಾಲೆಯಲ್ಲಿ ಆ ನೀರಿಗೆ ಪೈಪ್ ಎಳೆದು ಮಕ್ಕಳು ತಟ್ಟೆ ತೊಳೆಯೋ ಕಡೆ ಬಿಟ್ಟಿದ್ದೀನಿ.

ಬಿಸಿಯೂಟದ ಅಡುಗೆಯವರು ಪಕ್ಕದಲ್ಲೇ ನಿಂತು ನೋಡ್ತಿದ್ದರು. ಕ್ಯಾಂಡಲ್ ಬದಲಿಸೋದನ್ನು ಅವರ ಕೈಯಿಂದಲೇ ಎರಡು ಸಲ ಮಾಡಿಸಿದೆ. ಎರಡನೇ ಸಲ ನನಗಿಂತ ಬೇಗ ಮಾಡಿದರು. ಮಿಷನ್ ಪಕ್ಕ ಒಂದು ನೋಟ್‌ಬುಕ್ ದಾರ ಕಟ್ಟಿ ನೇತುಹಾಕಿದ್ದೀವಿ, ತಾರೀಖು ಅದರಲ್ಲಿ ಬರೆಯೋದು.

ಸದಸ್ಯತ್ವದ ಅರ್ಜಿ ಕೊಟ್ಟಿದ್ದೀನಿ. ಅಮ್ಮನಿಗೆ ಹೇಳಿದಾಗ "ಆವತ್ತು ನನ್ನ ಕೈ ಹಿಡಿದವರು ಅಲ್ಲಿದ್ದರೆ ಕೇಳು" ಅಂದ್ರು.

ನಾನೂ_ಇದ್ದೆ · ಭಾನುವಾರ 10:05

ಹನ್ನೊಂದು ಜಾಗದಲ್ಲಿ ತರೀಕೆರೆ ಕಡೆಯದ್ದು ಯಾವುದಾದರೂ ಇದ್ದರೆ ನನಗೆ ಹೇಳಿ. ಮೆಂಬರ್ ಆಗಲ್ಲ, ಆದರೆ ಹೋಗಿ ನೋಡಿ ಬರ್ತೀನಿ. ನನ್ನ ಹತ್ರ ಗಾಡಿ ಇದೆ.

ಮಾಜಿ_ಕಾರ್ಯದರ್ಶಿ · ಭಾನುವಾರ 10:20

ನಮ್ಮ ಕ್ಲಬ್‌ನಲ್ಲೂ ಪಟ್ಟಿ ಶುರು ಮಾಡಿದ್ದೀನಿ. ಹಳೇ ವರದಿ ಪುಸ್ತಕಗಳು ಅಟ್ಟದ ಮೇಲಿದ್ದವು, ಮೂರು ವರ್ಷದ್ದು ಗೆದ್ದಲು ತಿಂದಿದೆ. ಉಳಿದದ್ದು ಓದ್ತಿದ್ದೀನಿ.

ಕಡೂರು_ಟೀಚರಮ್ಮ · ಮೂರು ತಿಂಗಳ ನಂತರ, ಮಂಗಳವಾರ ಸಂಜೆ 4:40

ವೈಂಡಿಂಗ್ ಸರ್, ಇವತ್ತು ಅಡುಗೆಯವರು ಕ್ಯಾಂಡಲ್ ಬದಲಿಸಿದರು. ತೆಗೆದದ್ದು ಚಹಾ ಬಣ್ಣಕ್ಕೆ ಬಂದಿತ್ತು. ನೋಟ್‌ಬುಕ್ಕಿನಲ್ಲಿ ತಾರೀಖು ಅವರೇ ಬರೆದು ಸಹಿ ಹಾಕಿದ್ದಾರೆ. ನೀವು ಕೊಟ್ಟು ಹೋದದ್ದರಲ್ಲಿ ಇನ್ನು ಒಂದೇ ಕ್ಯಾಂಡಲ್ ಉಳಿದಿದೆ. ಮುಂದಿನ ಸಲ ಬರುವಾಗ ನಾಲ್ಕು ತನ್ನಿ, ದುಡ್ಡು ಎಸ್‌ಡಿಎಂಸಿಯಿಂದ, ಅಂದ್ರೆ ಶಾಲಾಭಿವೃದ್ಧಿ ಸಮಿತಿಯಿಂದ ಕೊಡ್ತೀವಿ, ಮೊನ್ನೆಯ ಸಭೆಯಲ್ಲಿ ಒಪ್ಪಿಗೆ ಆಗಿದೆ. ಕೆಳಗಿನ ನಲ್ಲಿಯ ವಾಷರ್ ಸ್ವಲ್ಪ ಸೋರ್ತಿದೆ, ಅದನ್ನೂ ತನ್ನಿ.